ಹತ್ತಲಾರದವಳು, ಇಳಿಯಲಾರದವಳು

ಒಂದೂರಿನಲ್ಲಿ ಇಬ್ಬರು ಮುದುಕಿಯರಿದ್ದರಂತೆ. ಒಬ್ಬಳಿಗೆ ಮೇಲೆ ಹತ್ತಲಾಗದು, ಇನ್ನೊಬ್ಬಳಿಗೆ ಕೆಳಗೆ ಇಳಿಯಲಾಗದು. ಹತ್ತಲಾರದವಳ ಎದೆಗೂಡಿನಲ್ಲಿ ಒಂದು ಮುದಿ ಬೆಕ್ಕು ಸೇರಿಕೊಂಡು ಸದಾ ಗುರುಗುಟ್ಟುತ್ತಿತ್ತು. ಇಳಿಯಲಾರದವಳ ಸೊಂಟದಲ್ಲಿ ಒಬ್ಬ ಬಡಗಿ ಕೂತು, ಅವಳು ಎದ್ದಾಗಲೊಂದು ಕೂತಾಗಲೊಂದು ಮೊಳೆ ಹೊಡೆಯುತ್ತಿದ್ದ. ಇಬ್ಬರ ನಡುವೆ ಏಳು ಸಮುದ್ರವೇನೂ ಇರಲಿಲ್ಲ. ಇದ್ದದ್ದು ಹಲಸೂರು ಕೆರೆಯ ಏರಿ, ಮಿಲಿಟರಿಯವರ ಉದ್ದನೆಯ ಕಾಂಪೌಂಡು, ಆಮೇಲೆ ಮೂರು ಮಹಡಿಯ ಮೆಟ್ಟಿಲು, ಅಷ್ಟೇ. ಆದರೂ ಒಬ್ಬರ ಮುಖ ಒಬ್ಬರು ಕಾಣದೆ ಎರಡು ಮಳೆಗಾಲ ಕಳೆದುಹೋಗಿತ್ತು.

ಪೂಜಿತಾ ಈ ಕತೆಯನ್ನು ಹೀಗೆಯೇ ಹೇಳಿಕೊಳ್ಳುತ್ತಿದ್ದಳು. ಬೇರೆ ಯಾರಿಗೂ ಅಲ್ಲ, ತನಗೇ, ಕಾಲೇಜಿನಿಂದ ಮರಳುವ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು. ಅಜ್ಜಿಯ ಕತೆ ಕೇಳಿ ಬೆಳೆದ ಹುಡುಗಿ ಅವಳು. ಲೋಕದಲ್ಲಿ ಏನು ನಡೆದರೂ ಅದರಲ್ಲೊಬ್ಬ ರಾಕ್ಷಸನನ್ನೋ ಒಂದು ಮಾಯದ ಪೆಟ್ಟಿಗೆಯನ್ನೋ ಹುಡುಕದೆ ಬಿಡಳು. ಹತ್ತಲಾರದವಳು ಅವಳ ಅಜ್ಜಿಯೇ, ಮರ್ಫಿ ಟೌನಿನ ಯಶೋದಮ್ಮ. ಇಳಿಯಲಾರದವಳು ಅಜ್ಜಿಯ ಗೆಳತಿ ಕಮರುನ್ನೀಸಾ. ಫ್ರೇಜರ್ ಟೌನಿನಲ್ಲಿ, ಮಾಸ್ಕ್ ರೋಡಿನ ಹಿಂದಿನ ಬೀದಿಯೊಂದರಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಮಗ ಅಕ್ತರ್ ಮತ್ತು ಸೊಸೆ ಬಿಲ್ಕೀಸ್ ಜೊತೆ ಇದ್ದಳು.

ಅದಕ್ಕೂ ಮುಂಚೆ ಇಬ್ಬರೂ ಮರ್ಫಿ ಟೌನಿನ ಒಂದೇ ವಠಾರದವರು. ಮನೆ ಬೇರೆ, ಗೋಡೆ ಒಂದೇ. ಗೋಡೆಯ ಆ ಮಗ್ಗುಲಲ್ಲೊಂದು, ಈ ಮಗ್ಗುಲಲ್ಲೊಂದು ಮರದ ಹೊಟ್ಟಿನ ಒಲೆ. ಹೊಟ್ಟನ್ನು ಒಲೆಗೆ ಗಿಡಿದು ಹೊತ್ತಿಸಿದರೆ ಅನ್ನ ಬೇಯುವಷ್ಟು ಬೆಂಕಿ, ಊರು ತುಂಬುವಷ್ಟು ಹೊಗೆ. ಗಾಳಿ ಆ ಕಡೆಯಿಂದ ಬೀಸಿದರೆ ಕಮರುನ್ನೀಸಾಳ ಹೊಗೆ ಯಶೋದಮ್ಮನಿಗೆ, ಈ ಕಡೆಯಿಂದ ಬೀಸಿದರೆ ಯಶೋದಮ್ಮನದ್ದು ಕಮರುನ್ನೀಸಾಳಿಗೆ. ಗ್ಯಾಸ್ ಒಲೆ ಬರುವ ಹೊತ್ತಿಗೆ ಒಬ್ಬಳ ಎದೆ ಕೆಟ್ಟಿತ್ತು. ಇನ್ನೊಬ್ಬಳ ಎದೆಗೆ ಏನೂ ಆಗಲಿಲ್ಲ. ಅವಳು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು.

ಅಕ್ತರ್ ಹೊಸ ಫ್ಲಾಟಿಗೆ ಸಾಮಾನು ಸಾಗಿಸುವ ದಿನ ಕಮರುನ್ನೀಸಾ ಆಟೋದಲ್ಲಿ ಕೂತು, ಹೊರಡಲು ಬಿಡದೆ, ಯಶೋದಮ್ಮನ ಕೈ ಹಿಡಿದುಕೊಂಡಿದ್ದಳು.

"ನೋಡ್ ಯಶೋದಾ, ಆ ಮನೇಲಿ ಹಾಲು ಉಕ್ಸೋದು ನೀನೇ."

"ನಿಮ್ಮೋರಲ್ಲಿ ಹಾಲುಕ್ಸ್ತಾರೇನೇ?"

"ನಮ್ಮೋರಲ್ಲಿ ಏನ್ ಮಾಡ್ಬೇಕೋ ಅದನ್ನ ಮಸೀದಿ ಹಜರತ್ ಬಂದು ಮಾಡ್ತಾರೆ. ಇದು ನಮ್ಮಿಬ್ರುದು."

"ಆಯ್ತು ಹೋಗು, ಬಂದು ಉಕ್ಕಿಸ್ತೀನಿ. ಮಾತು ಅಂದ್ರೆ ಮಾತು."

ಆ ವಾರವೇ ಯಶೋದಮ್ಮನಿಗೆ ಉಬ್ಬಸ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಬಿಡುಗಡೆಯಾಗಿ ಬಂದ ಮೇಲೆ ಹಟ ಮಾಡಿ ಒಮ್ಮೆ ಹೋದಳು. ಮೊದಲನೇ ಮಹಡಿಯ ತಿರುವಿನಲ್ಲಿ ಕೂತವಳು ಏಳಲಿಲ್ಲ. ತುಟಿ ನೇರಳೆಯಾಗಿತ್ತು. ಮೇಲಿನಿಂದ ಕಮರುನ್ನೀಸಾ "ಬಂದ್ಯಾ? ಎಲ್ಲಿದೀಯಾ?" ಎಂದು ಕೂಗುತ್ತಲೇ ಇದ್ದಳು, ಕೆಳಗಿನವಳಿಗೆ ಉತ್ತರ ಕೊಡಲು ಉಸಿರಿರಲಿಲ್ಲ. ಕುರ್ಚಿಯ ಮೇಲೆ ಕೂರಿಸಿ ಹೊತ್ತುಕೊಂಡು ಹೋಗುತ್ತೇನೆ ಎಂದು ಅಕ್ತರ್ ಬಂದ. ಯಶೋದಮ್ಮ ತಲೆ ಅಲ್ಲಾಡಿಸಿ, ಉಸಿರು ತಿರುಗಿದ ಮೇಲೆ ಹೇಳಿದ್ದು ಇಷ್ಟೇ: "ಹೊರೋ ಕಾಲ ಬಂದಾಗ ಹೊರುವಿಯಂತೆ ಬಿಡಪ್ಪ." ಅದೇ ಆಟೋದಲ್ಲಿ ವಾಪಸ್ಸು ಬಂದಳು.

ಕಮರುನ್ನೀಸಾಳೂ ಕಡಿಮೆಯವಳಲ್ಲ. ಹೊಸ ಮನೆಯ ಗ್ಯಾಸ್ ಸ್ಟೌವಿಗೆ ಎರಡು ಒಲೆ. ಎಡಗಡೆಯದು ಯಶೋದಾಳದ್ದು, ಅವಳು ಬಂದು ಹಾಲುಕ್ಕಿಸುವ ತನಕ ಅದನ್ನು ಹೊತ್ತಿಸಕೂಡದು ಎಂದು ಫರ್ಮಾನು ಹೊರಡಿಸಿದಳು. ಎರಡು ಮಳೆಗಾಲದಿಂದ ಬಿಲ್ಕೀಸ್ ಬಲಗಡೆಯ ಒಂದೇ ಒಲೆಯಲ್ಲಿ ಸಂಸಾರ ನಡೆಸುತ್ತಿದ್ದಳು.

*

ಯಶೋದಮ್ಮ ತೋರಿಸಿಕೊಳ್ಳುತ್ತಿದ್ದ ದಂಡಿನ ದೊಡ್ಡಾಸ್ಪತ್ರೆಯಲ್ಲಿ ಹೊಸ ಔಷಧಿಯೊಂದನ್ನು ಪರೀಕ್ಷೆಗೆ ಇಟ್ಟಿದ್ದರು. ನುಂಗುವುದಲ್ಲ, ಚುಚ್ಚುವುದೂ ಅಲ್ಲ, ಉಸಿರಿನೊಂದಿಗೆ ಒಳಗೆ ಎಳೆದುಕೊಳ್ಳುವ ಪುಡಿ. ಎದೆ ವಿಭಾಗದ ಡಾಕ್ಟರು ಸಿದ್ಧಲಿಂಗೇಶ ಗದಗಿನ ಕಡೆಯವರು, ಇನ್ನೂ ಮೀಸೆ ಸರಿಯಾಗಿ ದಪ್ಪವಾಗದ ವಯಸ್ಸು. ಅವರ ಮಾತು ಕೇಳುವುದಕ್ಕೆಂದೇ ಅಜ್ಜಿ ಆಸ್ಪತ್ರೆಗೆ ಹೋಗಲು ಖುಷಿಪಡುತ್ತಿದ್ದಳು.

"ಅಜ್ಜಿ, ಖರೇ ಹೇಳ್ತೀನಿ. ಇದನ್ನ ತಗೊಳ್ಳೋರೊಳಗ ಅರ್ಧ ಮಂದಿಗೆ ಔಷಧ, ಇನ್ನರ್ಧ ಮಂದಿಗೆ ಬರೇ ಸಕ್ಕರಿಯಂಥಾ ಪುಡಿ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ನೀವು ದಿನಾ ತಗೊಳ್ಳೋ ಔಷಧ ನಿಲ್ಲಿಸಂಗಿಲ್ಲ, ಅದು ಹಂಗ ನಡೀತದ. ಒಲ್ಲೆ ಅಂದ್ರ ಈಗೇ ಒಲ್ಲೆ ಅನ್ನಬಹುದು."

"ಡಾಕ್ಟ್ರಿಗೇ ಗೊತ್ತಿಲ್ಲದ್ದನ್ನ ಕೊಡ್ತೀರಾ?"

"ನನಗ ಗೊತ್ತಿದ್ರ ನನ್ನ ಮಾರಿ ನೋಡೇ ನೀವು ತಿಳ್ಕೊಂಡುಬಿಡ್ತೀರಿ. ಅದಕ್ಕ ನನಗೂ ಹೇಳಿಲ್ಲ."

ಅಜ್ಜಿಗೆ ಈ ನ್ಯಾಯ ಹಿಡಿಸಿತು. ಒಪ್ಪಿದಳು.

ಕುಂಕುಮದ ಭರಣಿಯಷ್ಟು ದೊಡ್ಡ ಯಂತ್ರ. ಮುಚ್ಚಳ ತೆರೆದು ಒಳಗೆ ಒಂದು ಕ್ಯಾಪ್ಸೂಲ್ ಇಟ್ಟು ಗುಂಡಿ ಒತ್ತಿದರೆ ಸೂಜಿ ಅದನ್ನು ಚುಚ್ಚುತ್ತದೆ. ಆಮೇಲೆ ಮೂತಿಯನ್ನು ತುಟಿಯಿಂದ ಬಿಗಿಯಾಗಿ ಹಿಡಿದು ಉಸಿರನ್ನು ಉದ್ದಕ್ಕೆ ಎಳೆಯಬೇಕು. ಸಿದ್ಧಲಿಂಗೇಶರು ಕಲಿಸುವ ಯಂತ್ರದ ಮೂತಿಗೆ ಕಾಗದದ ಕೊಳವೆ ಸಿಕ್ಕಿಸಿಕೊಟ್ಟರು. "ಜಗ್ರಿ, ಅಜ್ಜಿ. ಜೋರಾಗಿ ಜಗ್ರಿ." ಅಜ್ಜಿ ಎಳೆದಾಗ ಒಳಗಿನ ಕ್ಯಾಪ್ಸೂಲು ಗಿರ್ರನೆ ತಿರುಗಿ ಗುಂಯ್‌ಗುಟ್ಟಿತು. ಪೂಜಿತಾಳ ಕಿವಿ ನೆಟ್ಟಗಾಯಿತು. ಪೆಟ್ಟಿಗೆಯೊಳಗೆ ದುಂಬಿ. ರಾಕ್ಷಸನ ಪ್ರಾಣವನ್ನು ಬಚ್ಚಿಟ್ಟುಕೊಂಡ ದುಂಬಿ ಎಷ್ಟೋ ಕತೆಯಲ್ಲಿ ಬಂದಿತ್ತು. ಅಜ್ಜಿಯ ಪ್ರಾಣವನ್ನು ಮರಳಿ ತರುವ ದುಂಬಿ ಇದೇ ಮೊದಲು.

"ಫಸ್ಟ್‌ಕ್ಲಾಸ್," ಎಂದರು ಡಾಕ್ಟರು. ದಿನಕ್ಕೊಂದು ಸಲ, ಬೆಳಗ್ಗೆ ಎದ್ದ ಮೇಲೆ. "ಈ ಯಂತ್ರ ಹುಷಾರಾಗಿ ಇಟ್ಕೊಳ್ರಿ. ಎಲ್ಲಾ ಮುಗಿದ ಮ್ಯಾಲ ನಮಗ ವಾಪಸ್ ಕೊಡಬೇಕು."

ಅಜ್ಜಿ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಂತೆ ನೆನಪಿಟ್ಟುಕೊಂಡಳು.

ಕ್ಯಾಪ್ಸೂಲಿನ ಪಟ್ಟಿಗಳು ಖಾಲಿಯಾದವು. ಬೆಕ್ಕು ಜಾಗ ಬಿಡಲಿಲ್ಲ. ಅಜ್ಜಿ ನಲ್ಲಿಯಿಂದ ಒಂದು ಬಿಂದಿಗೆ ತಂದರೆ ಎರಡು ಸಲ ಕೂರುತ್ತಿದ್ದಳು. ಆಸ್ಪತ್ರೆಗೆ ಹೋದಾಗಲೆಲ್ಲ ಕೊಳವೆಯೊಳಗೆ ಊದಿಸಿ ನೋಡುತ್ತಿದ್ದರು. ಕಾಗದದ ಮೇಲಿನ ಗೆರೆ ಪ್ರತಿ ಸಲ ಒಂದಿಷ್ಟು ತಗ್ಗಾಗುತ್ತಿತ್ತು. ಯಂತ್ರ ಹಿಡಿಯುವುದನ್ನು ಮತ್ತೆ ಪರೀಕ್ಷೆ ಮಾಡಿದರು. ಕಾಗದದ ಕೊಳವೆ ಹಾಕಿ ಕೊಟ್ಟರೆ ಅಜ್ಜಿಯ ದುಂಬಿ ಚೆನ್ನಾಗಿಯೇ ಹಾಡಿತು.

"ನಿಂಗೆ ಬಿದ್ದಿರೋದು ಸಕ್ಕರೆ," ಎಂದ ಪೂಜಿತಾಳ ಅಪ್ಪ ಮುನಿನಾರಾಯಣಪ್ಪ. ಅವನು ಕೆ.ಆರ್. ಪುರದ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋಗುವವನು. "ನಮ್ಮ ಹಣೇಬರಕ್ಕೆ ಬೇರೆ ಏನ್ ಬೀಳುತ್ತೆ."

ಮತ್ತೊಂದು ಸಲ ಹೋದಾಗ ಸಿದ್ಧಲಿಂಗೇಶರು ಗೆರೆಯನ್ನು ಬಹಳ ಹೊತ್ತು ನೋಡಿದರು. "ಹಿಂಗ ಇಳಕೋತ ಹೋದ್ರ ನಿಮ್ಮನ್ನ ಇದರಾಗ ಇಡೂದು ನನಗ ಸರಿ ಅನಸಂಗಿಲ್ಲ ಅಜ್ಜಿ. ಮುಂದಿನ ಸಲ ನೋಡಿ, ಬಿಡಿಸಿಬಿಡ್ತೀನಿ."

ಆ ಭಾನುವಾರ ಅಜ್ಜಿ ಎಂದಿನಂತೆ ಅಂಗಡಿಯ ಹಳದಿ ಫೋನಿಗೆ ನಾಣ್ಯ ಹಾಕಿ ಕಮರುನ್ನೀಸಾಳನ್ನು ಕರೆದಳು. ಪೂಜಿತಾ ಪಕ್ಕದಲ್ಲೇ ನಿಂತಿದ್ದಳು. ಆ ಕಡೆಯವಳ ಗಂಟಲು ಎಂಥದೆಂದರೆ ಅಂಗಡಿಯವನಿಗೂ ಕೇಳಿಸುತ್ತಿತ್ತು.

"ಯಾವಾಗ ಬರ್ತೀಯಾ? ನಿನ್ನೆ ಅಕ್ತರ್ ದೋಸ್ತ್‌ಗಳು ಊಟಕ್ಕೆ ಬಂದಿದ್ರು. ಬಿಲ್ಕೀಸ್ ಬಿರಿಯಾನಿ ಇಳಿಸಿ ಶೇರ್ವಾ ಇಟ್ಳು. ಶೇರ್ವಾ ಕುದಿಯೋವರ್ಗೂ ಬಿರಿಯಾನಿ ತಣ್ಣಗೆ, ಬಿರಿಯಾನಿ ಬಿಸಿ ಮಾಡೋವರ್ಗೂ ಶೇರ್ವಾ ತಣ್ಣಗೆ. ಬಂದೋರು ಖೀರು ತಿಂದು ಎದ್ದುಹೋದ್ರು."

ಹಿಂದಿನಿಂದ ಬಿಲ್ಕೀಸಳ ದನಿ: "ಯಶೋದಮ್ಮಾ, ನೀವು ಬರೋದ್ರೊಳಗೆ ನಾನು ತವರುಮನೆಗೆ ಹೋಗ್ಬಿಡ್ತೀನಿ ನೋಡಿ."

"ಎರಡೂ ಒಲೆ ಹತ್ತಿದ ಮೇಲೇ ನಿನ್ನ ತವರಿಗೆ ಕಳ್ಸೋದು," ಎಂದಳು ಅತ್ತೆ. "ಯಶೋದಾ, ಯಾಕೆ ಸುಮ್ನಿದೀಯಾ?"

ಅಜ್ಜಿ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲುವ ಮೊದಲೇ ಫೋನು ಇನ್ನೊಂದು ನಾಣ್ಯ ಕೇಳಿ ಕೂಗಿ, ಬಾಯಿ ಮುಚ್ಚಿತು.

ಮನೆಗೆ ಬರುವಾಗ ದಾರಿಯ ಕಟ್ಟೆಯೊಂದರ ಮೇಲೆ ಕೂತು ಅಜ್ಜಿ ಹೇಳಿದಳು: "ಪೂಜೀ. ನೀನೇ ಒಂದ್ಸಲ ಹೋಗಿ... ಹೇಳ್ಬಿಡು. ಆ ಒಲೆ ಹಚ್ಕೊಳ್ಳಿ ಅಂತ."

"ಯಾಕೆ?"

"ಪಾಪ, ಆ ಹುಡುಗಿಗೆ ಯಾಕೆ ಕಷ್ಟ. ನನ್ನ ಕೈಲಿ... ಆಗಲ್ಲ ಕಣೇ."

ಪೂಜಿತಾ ಆ ಮಾತನ್ನು ಫ್ರೇಜರ್ ಟೌನಿಗೆ ಒಯ್ಯಲಿಲ್ಲ. ಅಜ್ಜಿಯ ಕತೆಗಳಲ್ಲಿ ಕೊಟ್ಟ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ರಾಜಕುಮಾರಿಯರು ಕಲ್ಲಾಗುತ್ತಿದ್ದರು, ಕೋಗಿಲೆಯಾಗುತ್ತಿದ್ದರು, ಆದರೆ ಮಾತು ಮಾತ್ರ ಉಳಿಸಿಕೊಳ್ಳುತ್ತಿದ್ದರು. ಈಗ ಅಜ್ಜಿಯೇ ಒಲೆ ಬಿಟ್ಟುಕೊಡುತ್ತಿದ್ದಾಳೆಂದರೆ ಅವಳ ಎದೆಯಲ್ಲಿ ಇನ್ನೆಷ್ಟು ಉಸಿರು ಉಳಿದಿರಬಹುದು ಎಂದು ಅವಳು ಲೆಕ್ಕ ಹಾಕಿದಳು.

*

ಪೂಜಿತಾ ಸಾಮಾನ್ಯವಾಗಿ ಸೂರ್ಯ ನೆತ್ತಿಗೆ ಬರುವುದಕ್ಕೆ ಸ್ವಲ್ಪ ಮುಂಚೆ ಏಳುವವಳು. ಅಪ್ಪ ಪಾಳಿಗೂ ಅಮ್ಮ ಗಾರ್ಮೆಂಟ್ಸಿಗೂ ಹೊರಟು ಎಷ್ಟೋ ಹೊತ್ತಾದ ಮೇಲೆ. ಮರುದಿನ ಕಾಲೇಜಿನಲ್ಲಿ ಪರೀಕ್ಷೆ ಇದ್ದದ್ದರಿಂದ ಅವತ್ತು ಬೇಗ ಎಚ್ಚರವಾಯಿತು. ಕಣ್ಣು ಬಿಟ್ಟವಳು ಚಾಪೆಯ ಮೇಲೇ ಮಲಗಿ ನೋಡುತ್ತಿದ್ದಳು. ಅಜ್ಜಿ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವಲು ಸುತ್ತಿ, ಗೋಡೆಗೆ ಮುಖ ಮಾಡಿ ಕೂತಿದ್ದಳು. ಡಬ್ಬಿಯಿಂದ ಯಂತ್ರ ತೆಗೆದಳು. ಕ್ಯಾಪ್ಸೂಲು ಇಟ್ಟು ಗುಂಡಿ ಒತ್ತಿದಳು. ಎಲ್ಲ ಸರಿ. ಆಮೇಲೆ ತಲೆಯನ್ನು ಹಿಂದಕ್ಕೆ ವಾಲಿಸಿ, ಯಂತ್ರವನ್ನು ಬಾಯಿಯ ಮೇಲೆ ಎತ್ತಿ ಹಿಡಿದು, ತುಟಿಗೂ ಅದಕ್ಕೂ ನಡುವೆ ಬೆರಳಷ್ಟು ಜಾಗ ಬಿಟ್ಟು, ಚೊಂಬಿನಿಂದ ನೀರು ಎತ್ತಿ ಕುಡಿಯುವಂತೆ ಬಾಯಿ ತೆರೆದು ಉಸಿರೆಳೆದಳು.

ದುಂಬಿ ಹಾಡಲಿಲ್ಲ. ಮಾಡಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಬಿಳಿಯ ಪುಡಿ ಸಣ್ಣಗೆ ತೇಲಿ, ಅಜ್ಜಿಯ ಗಲ್ಲದ ಮೇಲೆ, ರವಿಕೆಯ ಮೇಲೆ, ಗೋಡೆಯ ಕಡೆಗೆ ಹಾರಿಹೋಯಿತು.

ಪೂಜಿತಾ ಎದ್ದು ಕೂತಳು. "ಅಜ್ಜೀ, ಏನ್ ಮಾಡ್ತಿದೀಯಾ?"

"ಔಷಧಿ ತಗೊಂತಿದೀನಿ. ಕಣ್ಣು ಕಾಣ್ಸಲ್ವಾ?"

"ದಿನಾ ಹಿಂಗೇ ತಗೊಳ್ತೀಯಾ?"

"ಇನ್ನೆಂಗೆ ತಗೊಳ್ಲಿ?"

"ಬಾಯಿಗೆ ಇಟ್ಕೊಳ್ಳೇ."

"ಬಾಯಿಗಿಟ್ರೆ ಎಂಜಲಾಗಲ್ವಾ?" ಅಜ್ಜಿ ಸೆರಗಿನಿಂದ ಯಂತ್ರದ ಮೂತಿಯನ್ನು ಒರೆಸಿ ಡಬ್ಬಿಗೆ ಹಾಕಿದಳು. "ವಾಪಸ್ ಕೊಡ್ಬೇಕು ಅಂದಿದ್ದಾರಲ್ಲ. ನಾಳೆ ಇನ್ಯಾರದೋ ಬಾಯಿಗೆ ಹೋಗೋ ಸಾಮಾನು. ನನ್ನ ಸೀಕು ಅವ್ರಿಗ್ಯಾಕೆ?"

"ಮತ್ತೆ ಆಸ್ಪತ್ರೇಲಿ ಬಾಯಿಗೆ ಇಟ್ಕೊಂತೀಯಲ್ಲ."

"ಅಲ್ಲಿ ಕಾಗದದ ಕೊಳವೆ ಹಾಕ್ತಾರೆ, ಆಮೇಲೆ ಬುಟ್ಟಿಗೆ ಬಿಸಾಕ್ತಾರೆ. ಅದು ನಂದು. ಇದು ಅವ್ರುದು."

ಹೊಸಕೋಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು ಯಶೋದಮ್ಮ. ಬಾಯಾರಿ ದೊಡ್ಡವರ ಜಗಲಿಯ ಮುಂದೆ ನಿಂತರೆ ಮೇಲಿನಿಂದ ಬೊಗಸೆಗೆ ನೀರು ಹುಯ್ಯುತ್ತಿದ್ದರು. ಅವರ ಚೊಂಬಿಗೆ ಇವರ ಕೈ ತಾಗುವ ಹಾಗಿರಲಿಲ್ಲ, ಬಾಯಿಯ ಮಾತಂತೂ ದೂರ. ಊರು ಬಿಟ್ಟು ಎಷ್ಟು ಕಾಲವಾಗಿತ್ತು. ಜಗಲಿಯೂ ಇಲ್ಲ, ಹುಯ್ಯುವವರೂ ಇಲ್ಲ. ಆದರೆ ಬೇರೆಯವರ ಪಾತ್ರೆಗೆ ತುಟಿ ತಾಗಿಸಬಾರದೆಂಬುದು ಮೈಗೇ ಹತ್ತಿಕೊಂಡು, ಬರಬರುತ್ತಾ ಅವಳದೇ ಮರ್ಯಾದೆಯಾಗಿಬಿಟ್ಟಿತ್ತು. ಮನೆಯಲ್ಲಿ ಅವಳ ಸ್ವಂತ ಸ್ಟೀಲು ಲೋಟವೊಂದನ್ನು ಬಿಟ್ಟರೆ, ಹೋಟೆಲಿನ ಗ್ಲಾಸನ್ನೂ ಮದುವೆಮನೆಯ ಲೋಟವನ್ನೂ ಎತ್ತಿಯೇ ಕುಡಿಯುವಳು, ಒಂದು ಹನಿ ಸೀರೆಗೆ ಬೀಳದಂತೆ.

ಪೂಜಿತಾಳಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣು ತುಂಬಿತು. "ಇಷ್ಟು ದಿನಾನೂ ನಿನ್ನ ಔಷಧಿ ಕುಡಿದಿದ್ದು ಈ ಗೋಡೆ ಕಣಜ್ಜಿ. ಗೋಡೆ ಮೇಲಿರೋ ಹಲ್ಲಿಗೆ ಗೂರಲು ಇದ್ದಿದ್ರೆ ಇಷ್ಟೊತ್ತಿಗೆ ವಾಸಿಯಾಗಿ ಓಡಾಡ್ಕೊಂಡಿರೋದು."

ಅಜ್ಜಿ ಗೋಡೆಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮೆಲ್ಲಗೆ, "ಹಂಗಾದ್ರೆ ನಂಗೆ ಬಿದ್ದಿರೋದು ಸಕ್ಕರೆ ಅಲ್ದೆ ಇರಬೋದಾ?" ಎಂದಳು.

"ಗೊತ್ತಿಲ್ಲ. ನೀನು ಇನ್ನೂ ತಗೊಂಡೇ ಇಲ್ವಲ್ಲ."

ಸಂಜೆ ಮುನಿನಾರಾಯಣಪ್ಪನಿಗೆ ವಿಷಯ ತಿಳಿದಾಗ ಅವನು ತಲೆಯ ಮೇಲೆ ಕೈ ಹೊತ್ತು ಕೂತ. "ಯಾರಿಗೂ ಹೇಳ್ಬೇಡಿ. ನಾಳೆಯಿಂದ ಬಾಯಿಗಿಟ್ಕೊಂಡು ತಗೋ, ಮುಗೀತು. ಹೇಳಿದ್ರೆ ತಪ್ಪು ಮಾಡಿದೀರಿ ಅಂತ ಔಷಧೀನೇ ಕಿತ್ಕೊಂತಾರೆ."

ಪೂಜಿತಾಳಿಗೂ ಅದೇ ಭಯ. ಆದರೆ ಅಜ್ಜಿ ಒಪ್ಪಲಿಲ್ಲ. ಒಂದೊಂದು ತುಂಡು ಉಸಿರಿಗೆ ಒಂದೊಂದು ತುಂಡು ಮಾತು ಕಟ್ಟಿ ಹೇಳಿದಳು. "ನಾನು ಸುಮ್ನಿದ್ರೆ... ಈ ಔಷಧಿ ಕೆಲಸಕ್ಕೆ ಬರಲ್ಲ ಅಂತ ಆ ಹುಡುಗ ಬರ್ಕೊಂಡುಬಿಡ್ತಾನೆ. ನನ್ನಂಗಿರೋರಿಗೆ... ಯಾರಿಗೂ ಸಿಗಲ್ಲ ಆಮೇಲೆ. ಮತ್ತೆ ಅವ್ರ ಸಾಮಾನಿಗೆ ಅವ್ರನ್ನ ಕೇಳ್ದೆ ಬಾಯಿ ಹಾಕೋಕೆ ನನ್ನ ಕೈಲಾಗಲ್ಲ."

"ಕೇಳ್ದೆ ಹಾಕಿದ್ರೆ ಏನಮ್ಮಾ ಆಗುತ್ತೆ?"

"ನಿಂಗೇನೂ ಆಗಲ್ಲ. ನಂಗಾಗುತ್ತೆ."

*

ಮರುದಿನ ಪರೀಕ್ಷೆ ಬರೆದು ಬಂದವಳೇ ಪೂಜಿತಾ ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದಳು. ಒಳಗೆ ಕಾಲಿಡುತ್ತಿದ್ದಂತೆ ಅಜ್ಜಿಯೇ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಡಾಕ್ಟ್ರೇ, ನಾನಿದನ್ನ ಎತ್ತಿ ಕುಡೀತಿದ್ದೆ," ಎಂದುಬಿಟ್ಟಳು.

ಸಿದ್ಧಲಿಂಗೇಶರಿಗೆ ತಿಳಿಯಲಿಲ್ಲ. ಅಜ್ಜಿ ತಲೆ ವಾಲಿಸಿ, ಖಾಲಿ ಕೈ ಎತ್ತಿ ಮಾಡಿ ತೋರಿಸಿದಳು. ಯಾಕೆಂದೂ ಹೇಳಿದಳು. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಕೊನೆಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೇನೋ ಎಂದು ಅಜ್ಜಿ ಗಾಬರಿಯಾದಳು.

"ನಮ್ಮವ್ವನೂ ಹಿಂಗ ಎತ್ತಿ ಕುಡೀತಾಳ್ರೀ," ಎಂದರು ಕೈ ತೆಗೆದು, ಕಣ್ಣೊರೆಸಿಕೊಂಡು. "ಮನ್ಯಾಗ ದಿನಾ ನೋಡೀನಿ. ಆದ್ರೂ ನನಗ ಹೊಳೀಲಿಲ್ಲ. ನಿಮಗ ಕಲಿಸೋವಾಗ ಕಾಗದದ ಕೊಳವಿ ಹಾಕಿದೆ, ಮನೀಗೆ ಬರೇ ಯಂತ್ರ ಕೊಟ್ಟು ಕಳಿಸಿದೆ. ನಂದೂ ತಪ್ಪ ಐತಿ."

"ನನ್ನ ಹೆಸರು ತೆಗೆದುಹಾಕ್ತೀರಾ?"

"ಅದು ನನ್ನ ಕೈಯಾಗಿಲ್ಲ. ಆಗಿದ್ದು ಆಗಿದ್ದಂಗ ಮ್ಯಾಲಿನವರಿಗೆ ಹೇಳ್ತೀನಿ. ಹೊರಗ ಕುಂಡ್ರಿ."

ಅಜ್ಜಿ ಮೊಮ್ಮಗಳು ಹೊರಗಿನ ಬೆಂಚಿನ ಮೇಲೆ ಕೂತರು. ಗಾಜಿನ ಬಾಗಿಲಾಚೆ ಡಾಕ್ಟರು ಫೋನಿನಲ್ಲಿ ಮಾತಾಡುವುದು ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಒಮ್ಮೆ ಅವರು ತಲೆ ಹಿಂದಕ್ಕೆ ವಾಲಿಸಿ ಕೈ ಎತ್ತಿ ತೋರಿಸಿದರು, ಫೋನಿನಾಚೆಯವರಿಗೆ ಕಾಣುತ್ತದೆಯೋ ಎಂಬಂತೆ. ಪೂಜಿತಾ ಅಜ್ಜಿಯ ಕೈ ಹಿಡಿದುಕೊಂಡಳು. ಅಜ್ಜಿಯ ಎದೆಯ ಬೆಕ್ಕು ಅವಳಿಗೂ ಕೇಳಿಸುವಷ್ಟು ಹತ್ತಿರದಲ್ಲಿ ಗುರುಗುಟ್ಟುತ್ತಿತ್ತು. ನರ್ಸಮ್ಮ ಬಂದು ಕರೆದಾಗ ಇಬ್ಬರೂ ಒಟ್ಟಿಗೆ ಎದ್ದರು.

"ನೀವು ಇದರಾಗ ಇರಬಹುದಂತ," ಎಂದರು ಸಿದ್ಧಲಿಂಗೇಶ. "ಎಲ್ಲಾ ಬರೆದಿಟ್ಕೊಂಡು ಮುಂದುವರಸ್ರಿ ಅಂದ್ರು."

ಪೂಜಿತಾ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಈಗ ಕೇಳ್ರಿ ಅಜ್ಜಿ. ಈ ಯಂತ್ರ ಯಾರಿಗೂ ಹೋಗಂಗಿಲ್ಲ. ವಾಪಸ್ ತಗೊಳ್ಳೂದು ಸುಡಾಕ."

"ಸುಡ್ತೀರಾ?" ಅಜ್ಜಿಗೆ ಇದು ಬೇರೆ ಥರದ ಆಘಾತ. "ಇಷ್ಟು ಚೆನ್ನಾಗಿರೋದನ್ನ?"

"ಸುಡೂದ. ಅದಕ್ಕ ಇದು ನಿಮ್ಮದು. ಎಂಜಲು ಮಾಡ್ರಿ. ಮಾಡಲೇಬೇಕು, ಇದು ನನ್ನ ಆರ್ಡರ್."

ಅಜ್ಜಿ ಯಂತ್ರವನ್ನು ಕೈಗೆತ್ತಿಕೊಂಡಳು. ಪೂಜಿತಾ ಕ್ಯಾಪ್ಸೂಲು ಇಟ್ಟುಕೊಟ್ಟಳು. ತುಟಿಯ ಹತ್ತಿರ ತಂದು, ನಿಂತು, ಒಮ್ಮೆ ಡಾಕ್ಟರ ಕಡೆ ನೋಡಿದಳು, ಬೇರೆಯವರ ಮನೆಯೊಳಕ್ಕೆ ಮೊದಲ ಸಲ ಹೆಜ್ಜೆ ಇಡುವವಳಂತೆ. ಆಮೇಲೆ ಮೂತಿಯನ್ನು ಬಿಗಿಯಾಗಿ ಹಿಡಿದು ಎಳೆದಳು. ದುಂಬಿ ಗುಂಯ್ ಎಂದು ಹಾಡಿತು.

"ಸಿಹಿ ಐತೆ," ಎಂದಳು ಅಜ್ಜಿ.

ಪೂಜಿತಾ ಮುಂದಕ್ಕೆ ಬಾಗಿದಳು. "ಸಿಹೀನಾ? ಸಕ್ಕರೇನಾ ಹಾಗಾದ್ರೆ?"

"ಎರಡೂ ಸಿಹಿನ ಇರ್ತಾವ," ಎಂದರು ಡಾಕ್ಟರು. "ನನ್ನ ಮಾರಿ ನೋಡಬ್ಯಾಡ್ರಿ, ನನಗೇನೂ ಗೊತ್ತಿಲ್ಲ."

*

ಬೆಕ್ಕು ಒಂದೇ ದಿನ ಎದ್ದುಹೋಗಲಿಲ್ಲ. ಮೊದಲು ಅದರ ದನಿ ತಗ್ಗಿತು. ಒಂದು ಬೆಳಗ್ಗೆ ಹಾಲಿನವನು ನೀರು ಬೆರೆಸಿದ್ದಕ್ಕೆ ಅಜ್ಜಿ ಅವನನ್ನು ಒಂದೇ ಉಸಿರಿಗೆ, ನಡುವೆ ಎಲ್ಲೂ ನಿಲ್ಲದೆ, ಅವನ ಎಮ್ಮೆಯಿಂದ ಹಿಡಿದು ಅವನ ಮಾವನವರೆಗೆ ಬೈದಳು. ಒಳಗೆ ಮಲಗಿದ್ದ ಪೂಜಿತಾ ಮುಸುಕು ತೆಗೆದು ಕೇಳಿದಳು. ಇಷ್ಟುದ್ದದ ಬೈಗುಳ ಆ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು. ಹಾಲಿನವನು ಕೂಡ ಬೇಜಾರು ಮಾಡಿಕೊಳ್ಳದೆ, "ಏನಮ್ಮಾ, ಹುಷಾರಾದ್ರಾ?" ಎಂದು ಕೇಳಿಹೋದ.

ಮತ್ತೆ ಕೆಲವು ದಿನಕ್ಕೆ ದಿಂಬಿಗೆ ಒರಗಿ ಕೂತು ನಿದ್ದೆ ಮಾಡುತ್ತಿದ್ದವಳು ಅಡ್ಡ ಮಲಗಿದಳು. ಬಿಂದಿಗೆ ಕೂರದೆ ಬಂತು. ಆಸ್ಪತ್ರೆಯಲ್ಲಿ ಊದಿದಾಗ ಕಾಗದದ ಮೇಲಿನ ಗೆರೆ ಗುಡ್ಡದಂತೆ ಮೇಲೆದ್ದು ನಿಂತಿತು. ಸಿದ್ಧಲಿಂಗೇಶರು ಅದನ್ನು ನೋಡಿ ಕಡತ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. "ಏನೂ ಹೇಳಂಗಿಲ್ಲ ನಾ," ಎಂದಿತು ಕಡತದ ಹಿಂದಿನ ದನಿ, ನಗು ತಡೆದುಕೊಂಡು. "ಆದ್ರ ಅವಸರ ಮಾಡಬ್ಯಾಡ್ರಿ. ಮೆಟ್ಟಲಾ ಹತ್ತೋವಾಗ ಸೀಟಿ ಹೊಡೆದಂಗ ತುಟಿ ಮಾಡಿ ಉಸಿರು ಬಿಡ್ರಿ. ಅಲ್ಲಲ್ಲೆ ಕುಂಡ್ರಿ."

ಮೆಟ್ಟಿಲಿನ ವಿಷಯ ಅವರಿಗೆ ಹೇಳಿದವರು ಯಾರೆಂದು ಅಜ್ಜಿ ಕೇಳಲಿಲ್ಲ. ಪೂಜಿತಾ ಕಿಟಕಿಯಾಚೆ ನೋಡುತ್ತಿದ್ದಳು.

ಹೊರಟದ್ದು ಒಂದು ಭಾನುವಾರದ ಬೆಳಗ್ಗೆ. ಅಜ್ಜಿ ಹಾಲು ತಾನೇ ತರುವುದೆಂದು ಹಟ ಹಿಡಿದು ಹಾಲಿನವನನ್ನು ಹೆದರಿಸಿ ನೀರು ಬೆರೆಸದ್ದನ್ನು ತೆಗೆದುಕೊಂಡಿದ್ದಳು. ಫ್ಲಾಟಿನ ಕೆಳಗೆ ಅಕ್ತರ್ ಕಾಯುತ್ತಿದ್ದ, ಪಕ್ಕದಲ್ಲೊಂದು ಕುರ್ಚಿ.

"ಅದನ್ನ ಒಳಗಿಡು," ಎಂದಳು ಅಜ್ಜಿ.

"ಸುಮ್ನೆ ತಂದೆ ಯಶೋದಮ್ಮ. ಅಮ್ಮ ಹೇಳಿದ್ಳು."

"ನಿಮ್ಮಮ್ಮನ್ನೇ ಕೂರಿಸ್ಕೊಂಡು ಇಳಿಸು ಹಂಗಾದ್ರೆ."

ಪ್ರತಿ ತಿರುವಿನಲ್ಲೂ ಬಿಲ್ಕೀಸ್ ಒಂದೊಂದು ಸ್ಟೂಲು ಇಟ್ಟಿದ್ದಳು. ಅಕ್ಕಪಕ್ಕದ ಮನೆಗಳಿಂದ ಕೇಳಿ ತಂದವು, ಒಂದೊಂದು ಒಂದೊಂದು ಎತ್ತರ. ಅಜ್ಜಿ ಕಂಬಿ ಹಿಡಿದು ಹತ್ತತೊಡಗಿದಳು. ಹಿಂದಿನ ಸಲ ಕೂತುಬಿಟ್ಟಿದ್ದ ಮೊದಲನೇ ತಿರುವು ಬಂತು. ಸ್ಟೂಲಿನ ಮೇಲೆ ಕೂತು, ತುಟಿ ಸುತ್ತಿ ಉಸಿರು ಬಿಟ್ಟಳು, ಎದ್ದಳು.

"ಎಲ್ಲಿದೀಯಾ?" ಮೇಲಿನಿಂದ ಕಮರುನ್ನೀಸಾಳ ಕೂಗು.

"ಬಂದೆ ಇರು. ಓಡೋಗ್ತೀಯಾ ಎಲ್ಲಾದ್ರೂ?"

ಮೇಲೆ ಕಮರುನ್ನೀಸಾಳ ವಾಕರ್ ಟಕಟಕ ಎಂದು ಬಾಗಿಲಿಗೆ ಬಂತು. ಮೆಟ್ಟಿಲಿನಿಂದ ಉತ್ತರ ಬರುತ್ತದೆಂದು ಆಕೆ ಅಂದುಕೊಂಡಿರಲಿಲ್ಲ.

ಎರಡನೇ ಮಹಡಿ ದಾಟಿದ ಮೇಲೆ ಬೆಕ್ಕು ಕಣ್ಣು ಬಿಟ್ಟಿತು. ಪೂಜಿತಾಳಿಗೆ ಆ ಸದ್ದು ಗೊತ್ತು. ಅಜ್ಜಿ ಕಂಬಿಗೆ ಹಣೆ ಇಟ್ಟು ನಿಂತಳು, ಕತ್ತಿನ ನರ ಎದ್ದು ನಿಂತಿತು. ಪೂಜಿತಾ ಅವಳ ಬೆನ್ನಿಗೆ ಕೈ ಕೊಟ್ಟು ತುಟಿಯನ್ನೇ ನೋಡಿದಳು. ನೇರಳೆ ಬಣ್ಣ ಬರುತ್ತದೆಯೇ. ಬರಲಿಲ್ಲ. ಅಕ್ತರ್ ಕುರ್ಚಿಯನ್ನು ಬಿಟ್ಟೇ ಬಂದಿದ್ದ. ಓಡಿಹೋಗಿ ತರಲೇ ಎಂದು ಕಣ್ಣಲ್ಲೇ ಕೇಳಿದ. ಪೂಜಿತಾ ಬೇಡವೆಂದು ತಲೆಯಾಡಿಸಿದಳು. ತಿರುವಿನ ಸ್ಟೂಲಿನ ಮೇಲೆ ಕೂತ ಅಜ್ಜಿ ಸೀಟಿ ಬಾರದ ಸೀಟಿ ಹೊಡೆಯುತ್ತಾ ಹೊಡೆಯುತ್ತಾ ಉಸಿರನ್ನು ತನ್ನ ಹತ್ತಿರಕ್ಕೆ ಕರೆದುಕೊಂಡಳು. ಸದ್ದು ಇಳಿಯಿತು. "ನಡಿ," ಎಂದಳು.

ಮೂರನೇ ಮಹಡಿಯ ಬಾಗಿಲಲ್ಲಿ ಕಮರುನ್ನೀಸಾ ವಾಕರ್ ಹಿಡಿದು ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ತಲೆಯಿಂದ ಕಾಲಿನವರೆಗೆ ನೋಡಿಕೊಂಡರು.

"ಮುದುಕಿ ಆಗ್ಬಿಟ್ಟಿದೀಯಾ," ಎಂದಳು ಕಮರುನ್ನೀಸಾ.

"ನಿಮ್ಮನೇಲಿ ಕನ್ನಡಿ ಇಲ್ವಾ?"

ಆಮೇಲೆ ಕಮರುನ್ನೀಸಾ ವಾಕರ್ ಬಿಟ್ಟು ಅವಳನ್ನು ಹಿಡಿದುಕೊಂಡಳು. ಬಿಲ್ಕೀಸ್ ಹಿಂದಿನಿಂದ ಅತ್ತೆಯನ್ನು ಹಿಡಿದಳು, ಪೂಜಿತಾ ಮುಂದಿನಿಂದ ಅಜ್ಜಿಯನ್ನು. ಹೊಸ್ತಿಲ ಮೇಲೆ ನಾಲ್ಕು ಹೆಂಗಸರೂ ಒಬ್ಬರಿಗೊಬ್ಬರು ಆನಿಕೊಂಡು, ಯಾರು ಮೊದಲು ಕೈ ಬಿಟ್ಟರೂ ಎಲ್ಲರೂ ಬೀಳುವಂತೆ ನಿಂತಿದ್ದರು.

"ಮೊದ್ಲು ಒಲೆ," ಎಂದಳು ಬಿಲ್ಕೀಸ್. "ಆಮೇಲೆ ಅಳೋದೆಲ್ಲ ಅಳಿ."

ಅಡುಗೆಮನೆಯಲ್ಲಿ ಎಡಗಡೆಯ ಒಲೆ ಅಂಗಡಿಯಿಂದ ಬಂದಂತೆ ಹೊಳೆಯುತ್ತಿತ್ತು. ಯಶೋದಮ್ಮ ಪಾತ್ರೆ ಇಟ್ಟು, ಹಾಲು ಸುರಿದು, ಬೆಂಕಿಕಡ್ಡಿ ಗೀರಿದಳು. ಒಲೆ ಹೊತ್ತಲಿಲ್ಲ. ಇನ್ನೊಂದು ಕಡ್ಡಿ. ಫುಸ್ ಅಂದು ಸುಮ್ಮನಾಯಿತು.

"ಮುನಿಸ್ಕೊಂಡಿದೆ," ಎಂದಳು ಕಮರುನ್ನೀಸಾ.

ಬಿಲ್ಕೀಸ್ ಪಾತ್ರೆ ಇಳಿಸಿ, ದುಪಟ್ಟದಿಂದ ಪಿನ್ನು ತೆಗೆದು, ಬರ್ನರನ್ನು ಬಿಚ್ಚಿ, ಕೂತಿದ್ದ ಧೂಳನ್ನು ಕೆದಕಿ ಊದಿ, ಎಲ್ಲ ಮತ್ತೆ ಕೂರಿಸಿದಳು. ಆ ಹೊತ್ತಿಗೆ ಯಶೋದಮ್ಮನಿಗೆ ಇನ್ನೊಂದು ಚಿಂತೆ. "ಪೂರ್ವ ಯಾವ ಕಡೆ? ಹಾಲು ಪೂರ್ವಕ್ಕೆ ಉಕ್ಬೇಕು."

"ನಾವು ನಮಾಜ್‌ಗೆ ನಿಲ್ಲೋದು ಈ ಕಡೆ, ಇದು ಪಶ್ಚಿಮ," ಎಂದು ಕಮರುನ್ನೀಸಾ ಕೈ ತೋರಿಸಿದಳು. "ಅದಕ್ಕೆ ಬೆನ್ನು ತಿರುಗಿಸು, ನಿನ್ನ ಪೂರ್ವ ಸಿಗುತ್ತೆ."

ಯಶೋದಮ್ಮ ಪಾತ್ರೆ ಪೂರ್ವಕ್ಕೆ ವಾಲುವಂತೆ ಕೆಳಗೊಂದು ಚೂರು ರಟ್ಟು ಸಿಕ್ಕಿಸಬಹುದೇ ಎಂದು ಕೇಳಿದಳು. ಸುಟ್ಟುಹೋಗುತ್ತದೆಂದು ಬಿಲ್ಕೀಸ್ ಸ್ಟೌವನ್ನೇ ಒಂದು ಕಡೆ ಎತ್ತಿ, ಅದರ ಕಾಲಿನ ಕೆಳಗೆ ಲಟ್ಟಣಿಗೆಯ ಮಣೆಯ ಅಂಚು ತೂರಿಸಿದಳು. ಮೂರನೇ ಕಡ್ಡಿಗೆ ಒಲೆ ಭಗ್ಗೆಂದು ಹೊತ್ತಿ, ನೀಲಿಯಾಗಿ ಕೂತಿತು.

ಎಲ್ಲರೂ ಪಾತ್ರೆಯನ್ನೇ ನೋಡುತ್ತಾ ನಿಂತರು. ಅಕ್ತರ್ ಬಾಗಿಲಲ್ಲಿ, ಪೂಜಿತಾ ಅಜ್ಜಿಯ ಹೆಗಲ ಹಿಂದೆ. ಹಾಲಿನ ಮೇಲೆ ಕೆನೆ ಸುಕ್ಕುಗಟ್ಟಿತು. ಅಂಚಿನಲ್ಲಿ ಗುಳ್ಳೆ ಎದ್ದವು. ನಡುವೆ ಒಮ್ಮೆ ಉಬ್ಬಿ, ತಗ್ಗಿ, ಮತ್ತೆ ಉಬ್ಬಿ, ಬಿಳಿಯ ನೊರೆ ಪಾತ್ರೆಯ ಕಂಠದವರೆಗೆ ಏರಿ, ಅಲ್ಲಿ ಒಂದಿಷ್ಟು ತಡೆದು, ಪೂರ್ವದ ಕಡೆಗೆ ಉಕ್ಕಿ ಹರಿಯಿತು.